ಅಮೆರಿಕದಲ್ಲಿ ರೆಸಿಡೆನ್ಸಿ ಶುರು ಮಾಡುವವರಿಗೆ: ಡಿಸೆಬಿಲಿಟಿ ಇನ್ಶೂರೆನ್ಸ್ ಈಗಲೇ ಯಾಕೆ

ನಮಸ್ಕಾರ ಡಾಕ್ಟ್ರೇ. ಜುಲೈ 1ಕ್ಕೆ ನಿಮ್ಮ ಸರ್ಜರಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಡೆಯುವ ತಜ್ಞ ತರಬೇತಿ, ಶುರು. ವೀಸಾ ಎಚ್-1ಬಿ. ಓದಿನ ಸಾಲ ಇನ್ನೂ ತಲೆ ಮೇಲಿದೆ. ಆಗಲೇ ಒಬ್ಬ ಏಜೆಂಟ್ ಫೋನ್ ಮಾಡಿ ಡಿಸೆಬಿಲಿಟಿ ಇನ್ಶೂರೆನ್ಸ್ ಮಾಡಿಸಿ ಅನ್ನುತ್ತಿದ್ದಾನೆ. ಅಂದರೆ ಕಾಯಿಲೆಯಿಂದಲೋ ಗಾಯದಿಂದಲೋ ಕೆಲಸ ಮಾಡಲಾಗದಿದ್ದರೆ ತಿಂಗಳು ತಿಂಗಳು ಹಣ ಕೊಡುವ ಇನ್ಶೂರೆನ್ಸ್. "ಆಸ್ಪತ್ರೆಯವರೇ ಕೊಡ್ತಾರಂತಲ್ಲ, ಮೇಲೆ ನಾನ್ಯಾಕೆ ದುಡ್ಡು ಹಾಕಬೇಕು? ಅಟೆಂಡಿಂಗ್ (ತರಬೇತಿ ಮುಗಿಸಿದ ಪೂರ್ಣ ಡಾಕ್ಟರ್) ಆದ ಮೇಲೆ ನೋಡಿದರೆ ಸಾಲದಾ?" ಅಂತ ಕೇಳಿದ್ದೀರಿ.

ಸಾಲದು. ರೆಸಿಡೆನ್ಸಿ ಮುಗಿಯುವ ಮೊದಲೇ ಮಾಡಿಸಿಬಿಡಿ. ನಾನು ತಡ ಮಾಡಿದೆ, ಏನಾಯಿತು ಅಂತ ಹೇಳುತ್ತೇನೆ.

ನಾನು ಅನಸ್ತೇಷಿಯಾ ರೆಸಿಡೆನ್ಸಿಯ ಎರಡನೇ ವರ್ಷದಲ್ಲಿದ್ದೆ. ಒಬ್ಬ ರೋಗಿಯನ್ನು ಟೇಬಲ್‌ಗೆ ಸರಿಸುವಾಗ ಸೊಂಟ ಹಿಡಿದುಕೊಂಡಿತು. ಒಂದು ಎಂಆರ್‌ಐ ಆಯಿತು, ನಾಲ್ಕು ಸಲ ಫಿಸಿಯೋಥೆರಪಿ ಆಯಿತು, ತಿಂಗಳಲ್ಲಿ ಸರಿಹೋಯಿತು. ನಾನು ಮರೆತೇಬಿಟ್ಟೆ. ರೆಸಿಡೆನ್ಸಿ ನಂತರದ ಫೆಲೋಶಿಪ್ ತರಬೇತಿ ಮುಗಿಸಿ ಕೆಲಸಕ್ಕೆ ಸೇರುವಾಗ ಇನ್ಶೂರೆನ್ಸ್‌ಗೆ ಅರ್ಜಿ ಹಾಕಿದೆ. ಅವರು ಹಳೇ ರೆಕಾರ್ಡ್ ಎಲ್ಲಾ ತರಿಸಿ ನೋಡಿದರು. ಪಾಲಿಸಿ ಕೊಟ್ಟರು, ಆದರೆ ಬೆನ್ನುಮೂಳೆಯ ಯಾವ ತೊಂದರೆಗೂ ದುಡ್ಡಿಲ್ಲ ಅಂತ ಒಂದು ಸಾಲು ಸೇರಿಸಿದರು. ದಿನವಿಡೀ ನಿಂತು, ಬಗ್ಗಿ ಕೆಲಸ ಮಾಡುವವನಿಗೆ ಮೊದಲು ಕೈಕೊಡುವುದೇ ಬೆನ್ನು, ಅಲ್ವಾ? ಆ ಸಾಲು ಇವತ್ತಿಗೂ ಹಾಗೇ ಇದೆ.

ಆಮೇಲೆ ಗೊತ್ತಾಯಿತು, ನಾನು ರೆಸಿಡೆನ್ಸಿ ಮಾಡಿದ ಕಡೆಯೇ ಜಿಎಸ್ಐ ಇತ್ತು ಅಂತ. ಅಂದರೆ ಗ್ಯಾರಂಟೀಡ್ ಸ್ಟ್ಯಾಂಡರ್ಡ್ ಇಶ್ಯೂ. ಒಂದು ಆಸ್ಪತ್ರೆಯ ರೆಸಿಡೆಂಟ್‌ಗಳಿಗೆಲ್ಲ, ಆರೋಗ್ಯದ ಪ್ರಶ್ನೆ ಕೇಳದೆ ಕೊಡುವ ಪಾಲಿಸಿ. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗಾಗಿ ನೀವು ಯಾವ ಅರ್ಜಿಗೂ ಸಹಿ ಹಾಕುವ ಮೊದಲು ಆಸ್ಪತ್ರೆಯಲ್ಲಿ ರೆಸಿಡೆಂಟ್‌ಗಳ ತರಬೇತಿ ನೋಡಿಕೊಳ್ಳುವ ಜಿಎಂಇ ಆಫೀಸಿಗೆ ಹೋಗಿ ಇದೊಂದು ಕೇಳಿ. ಎಲ್ಲ ಕಡೆ ಇರುವುದಿಲ್ಲ. ಆದರೆ ಇದ್ದರೆ, ಕ್ರಮ ತಪ್ಪಬಾರದು. ಮಾಮೂಲಿ ಅರ್ಜಿ ಹಾಕಿ ಒಮ್ಮೆ ತಿರಸ್ಕಾರವಾದರೆ, ಜಿಎಸ್ಐ ಬಾಗಿಲು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ನಿಮಗೆ ಆಸ್ತಮಾ, ಮೈಗ್ರೇನ್, ಥೈರಾಯ್ಡ್ ಇಂಥದ್ದು ಏನಾದರೂ ಇದ್ದರೆ ಇದು ಇನ್ನೂ ಮುಖ್ಯ.

ಈಗ ಆಸ್ಪತ್ರೆ ಕೊಡುವ ಇನ್ಶೂರೆನ್ಸ್ ವಿಷಯ. ರೆಸಿಡೆಂಟ್‌ಗಳಿಗೆ ಅದನ್ನು ಕೊಡಲೇಬೇಕು ಅಂತ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ ಸಂಸ್ಥೆಯ ನಿಯಮವೇ ಇದೆ, ಇಲ್ಲ ಅನ್ನುವುದಿಲ್ಲ. ಸಾಮಾನ್ಯವಾಗಿ ಸಂಬಳದ 60% ಕೊಡುತ್ತಾರೆ. ವರ್ಷಕ್ಕೆ 65,000 ಡಾಲರ್ ಸಂಬಳ ಅಂದುಕೊಳ್ಳಿ, ತಿಂಗಳಿಗೆ 3,250 ಆಯಿತು. ಪ್ರೀಮಿಯಂ ಆಸ್ಪತ್ರೆಯೇ ಕಟ್ಟಿದ್ದರೆ ಅದರ ಮೇಲೆ ತೆರಿಗೆಯೂ ಇದೆ. ತೆರಿಗೆ ಕಟ್ಟಿದ ದುಡ್ಡಿನಲ್ಲಿ ನೀವೇ ಮಾಡಿಸಿದ ಪಾಲಿಸಿಯಿಂದ ಬರುವ ಹಣಕ್ಕೆ ತೆರಿಗೆ ಇಲ್ಲ. ಮತ್ತೆ ಆಸ್ಪತ್ರೆ ಬಿಟ್ಟ ದಿನ ಆ ಇನ್ಶೂರೆನ್ಸ್ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ವಿಷಯ, "ಕೆಲಸ ಮಾಡಲಾಗದು" ಅಂದರೆ ಏನು ಅನ್ನುವುದು. ಆಸ್ಪತ್ರೆಗಳ ಗುಂಪು ಪಾಲಿಸಿಗಳಲ್ಲಿ ಹೆಚ್ಚಾಗಿ ಮೊದಲ ಎರಡು ವರ್ಷ ನಿಮ್ಮ ಕೆಲಸವನ್ನು ನೋಡುತ್ತಾರೆ. ಆಮೇಲೆ, ನಿಮ್ಮ ಓದಿಗೆ ತಕ್ಕ ಯಾವ ಕೆಲಸ ಮಾಡಲು ಆದರೂ ಹಣ ನಿಲ್ಲುತ್ತದೆ. ಒಬ್ಬ ಸರ್ಜನ್‌ಗೆ ಕೈ ನಡುಕ ಬಂತು ಅನ್ನಿ. ಆಪರೇಷನ್ ಸಾಧ್ಯವೇ ಇಲ್ಲ. ಆದರೆ ಕೂತು ಫೈಲ್ ನೋಡಬಹುದು, ಪಾಠ ಹೇಳಬಹುದು. ಅವರ ಲೆಕ್ಕದಲ್ಲಿ ಆ ಸರ್ಜನ್ ಆರಾಮಾಗಿದ್ದಾರೆ. ನಿಮಗೆ ಬೇಕಿರುವುದು ಟ್ರೂ ಓನ್ ಆಕ್ಯುಪೇಷನ್ ಪಾಲಿಸಿ. ಅದರಲ್ಲಿ ನಿಮ್ಮ ಸ್ಪೆಷಾಲಿಟಿಯ ಕೆಲಸ ಮಾಡಲಾಗದಿದ್ದರೆ ಪೂರ್ತಿ ಹಣ ಬರುತ್ತದೆ, ಬೇರೆ ಕಡೆ ದುಡಿಯುತ್ತಿದ್ದರೂ ಬರುತ್ತದೆ. ಏಜೆಂಟ್ ಬಾಯಲ್ಲಿ ಹೇಳಿದ್ದು ಸಾಲದು, ಪಾಲಿಸಿಯ ಪುಟದಲ್ಲಿ ಓದಿ.

ಸರ್ಕಾರದ ಸೋಶಿಯಲ್ ಸೆಕ್ಯುರಿಟಿ ಕೊಡುವ ಡಿಸೆಬಿಲಿಟಿ ಹಣವನ್ನು ನಂಬಿ ಕೂರಬೇಡಿ. ಯಾವ ಕೆಲಸವೂ ಆಗದು, ಅದೂ ಕನಿಷ್ಠ 12 ತಿಂಗಳು ಅನ್ನುವಂತಿದ್ದರೆ ಮಾತ್ರ ಅದು. ಜೊತೆಗೆ ಇಲ್ಲಿ ದುಡಿದ ಲೆಕ್ಕ ಬೇಕು. 27ರ ವಯಸ್ಸಿನವರಿಗೆ 3 ವರ್ಷದ ದುಡಿಮೆ, ಅಂದರೆ 12 ಕ್ರೆಡಿಟ್. ವರ್ಷಕ್ಕೆ 4ಕ್ಕಿಂತ ಜಾಸ್ತಿ ಸಿಗುವುದಿಲ್ಲ. ಭಾರತದ ಜೊತೆ ಇದಕ್ಕೆ ಒಪ್ಪಂದ ಇಲ್ಲದ ಕಾರಣ ಅಲ್ಲಿ ಮಾಡಿದ ಸರ್ವಿಸ್ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿಯವರು ಕೊಡುವ ಸಲಹೆಯಲ್ಲಿ ಸಿಗದ ಒಂದು ಮಾತಿದೆ, ಅದು ವೀಸಾ. ಎಚ್-1ಬಿ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಇಲ್ಲಿರಬಹುದು. ಕಾಯಿಲೆ ಬಿದ್ದು ಊರಿಗೆ ವಾಪಸ್ ಹೋಗಬೇಕಾಗಿ ಬಂದರೆ? ಕೆಲವು ಪಾಲಿಸಿಗಳು ಅಮೆರಿಕದ ಹೊರಗಿದ್ದರೆ ಇಷ್ಟೇ ತಿಂಗಳು ಅಂತ ಮಿತಿ ಹಾಕುತ್ತವೆ. ವೀಸಾದಲ್ಲಿರುವವರಿಗೆ ಪಾಲಿಸಿ ಕೊಡುವ ನಿಯಮವೂ ಕಂಪನಿಯಿಂದ ಕಂಪನಿಗೆ ಬೇರೆ. ಈ ಎರಡನ್ನೂ ಇಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಬಂದ ಮೇಲೆ ನೋಡೋಣ ಅನ್ನಬೇಡಿ, ನಮ್ಮವರ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತು.

ಕೈಯಲ್ಲಿ ದುಡ್ಡು ಕಡಿಮೆ ಅಂತಲೂ ಬರೆದಿದ್ದೀರಿ. ಸಣ್ಣದಾಗಿ ಶುರು ಮಾಡಿ. ಆದರೆ ಮುಂದೆ ಸಂಬಳ ಏರಿದಾಗ ಆರೋಗ್ಯ ಪರೀಕ್ಷೆ ಇಲ್ಲದೆ ಮೊತ್ತ ಹೆಚ್ಚಿಸುವ ರೈಡರ್ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಇರಲೇಬೇಕು. ಅದೇ ನೀವು ಈಗ ಕೊಂಡುಕೊಳ್ಳುತ್ತಿರುವ ನಿಜವಾದ ವಸ್ತು. ಅರ್ಧ ಕೆಲಸ ಮಾಡುವಂತಾದರೆ ಅಷ್ಟಕ್ಕೆ ಹಣ ಕೊಡುವ ರೈಡರ್ ಕೂಡ ಬಿಡಬೇಡಿ. ಕೆಲಸ ನಿಂತ ಮೇಲೆ ಹಣ ಶುರುವಾಗುವ ತನಕ ಕಾಯುವ ಅವಧಿ 90 ದಿನ ಸಾಮಾನ್ಯ, 180 ದಿನಕ್ಕೆ ಪ್ರೀಮಿಯಂ ಇಳಿಯುತ್ತದೆ. ಹಣ 65 ಅಥವಾ 67ರ ವಯಸ್ಸಿನವರೆಗೆ ಬರುವಂತಿರಲಿ. ಮಾನಸಿಕ ಕಾಯಿಲೆಗೆ 24 ತಿಂಗಳಷ್ಟೇ ಅನ್ನುವ ಮಿತಿ ಇದೆಯಾ ಅಂತಲೂ ನೋಡಿ. ಹೆಂಗಸರಿಗೆ ಸಾಮಾನ್ಯವಾಗಿ ಪ್ರೀಮಿಯಂ ಜಾಸ್ತಿ, ಅದಕ್ಕೇ ನಿಮ್ಮ ಆಸ್ಪತ್ರೆಗೆ ರಿಯಾಯಿತಿ ಇದೆಯಾ ಅಂತ ಕೇಳಬೇಕು. ಒಂದೇ ಕಂಪನಿಯದ್ದು ಮಾರುವ ಏಜೆಂಟ್ ಬೇಡ. ಗಾರ್ಡಿಯನ್, ಪ್ರಿನ್ಸಿಪಲ್, ಮಾಸ್‌ಮ್ಯೂಚುಯಲ್, ಅಮೆರಿಟಾಸ್, ದಿ ಸ್ಟ್ಯಾಂಡರ್ಡ್ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ತೋರಿಸುವವರನ್ನು ಹುಡುಕಿ.

ಇನ್ನೊಂದು ಮಾತು. ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ, ಕ್ಲೇಮ್ ಸಮಯದಲ್ಲಿ ಅದೇ ಮುಳುವಾಗುತ್ತದೆ. ಹಾಗಂತ ರೆಕಾರ್ಡ್ ಆಗುತ್ತದೆ ಅಂತ ಹೆದರಿ ಡಾಕ್ಟರ ಹತ್ತಿರ ಹೋಗದೆ ಇರಬೇಡಿ. ಇಂಟರ್ನ್ ವರ್ಷ, ಅಂದರೆ ರೆಸಿಡೆನ್ಸಿಯ ಮೊದಲ ವರ್ಷ, ಕಷ್ಟದ್ದು. ನಿದ್ದೆ ಬರದಿದ್ದರೆ, ಮನಸ್ಸು ಕುಗ್ಗಿದರೆ ಮೊದಲು ಹೋಗಿ ತೋರಿಸಿಕೊಳ್ಳಿ.

ಓರಿಯಂಟೇಶನ್ ವಾರದಲ್ಲೇ ಜಿಎಂಇ ಆಫೀಸಿನಲ್ಲಿ ಕೇಳಿ. ಏಜೆಂಟ್‌ನಿಂದ ಕೋಟ್ (ಪಾಲಿಸಿಯ ಬೆಲೆ, ಷರತ್ತುಗಳ ವಿವರ) ಬಂದ ಮೇಲೆ ಡಿಸೆಬಿಲಿಟಿ ಅಂದರೇನು ಅಂತ ಬರೆದಿರುವ ಪುಟ ನನಗೆ ಕಳಿಸಿ. ಶನಿವಾರ ಫೋನಿನಲ್ಲಿ ಜೊತೆಗೆ ಕೂತು ಓದೋಣ.