ಐದು ಡಿವಿಡಿಯ ವಿಶ್ವಕೋಶವನ್ನು ಹಾರ್ಡ್ ಡಿಸ್ಕ್‌ಗೆ ಹಾಕುವ ಬಗ್ಗೆ

ನಮಸ್ಕಾರ ಅಕ್ಕೋರೆ,

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಬಾಗಲಕೋಟೆ ನವನಗರದ ನಿಮ್ಮ ಶಾಲೆಯಲ್ಲಿ ಐದು ಡಿವಿಡಿಯ ಇಂಗ್ಲಿಷ್ ವಿಶ್ವಕೋಶ ಇದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವೇ ಇಲ್ಲ. ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇನ್‌ಸ್ಟಾಲ್ ಮಾಡಿಟ್ಟರೆ, ಯಾವ ಕಂಪ್ಯೂಟರಿಗೆ ಹಚ್ಚಿದರೂ ಮಕ್ಕಳು ನೋಡುವಂತಾಗಬೇಕು. ಐದೂ ಡಿವಿಡಿಯನ್ನು ಐದು ಫೋಲ್ಡರ್‌ಗೆ ಕಾಪಿ ಮಾಡಿದ್ದೀರಿ, ಆದರೂ ಅದು ‘ಡಿಸ್ಕ್ 2 ಹಾಕಿ’ ಅಂತಲೇ ಕೇಳುತ್ತಿದೆ. ಇಷ್ಟೇ ಅಲ್ವಾ?

ಮೇಲೆ ಒಬ್ಬರು ‘ಈಗ ಎಲ್ಲಾ ನೆಟ್‌ನಲ್ಲೇ ಸಿಗುತ್ತದೆ, ಆ ಡಿವಿಡಿ ಬಿಟ್ಟುಬಿಡಿ’ ಎಂದಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಮೊಬೈಲ್ ಹಾಟ್‌ಸ್ಪಾಟ್‌ಗೆ ಇಡೀ ತರಗತಿ ಜೋತುಬಿದ್ದರೆ ಒಂದು ಚಿತ್ರವೂ ತೆರೆಯುವುದಿಲ್ಲ. ವಿಶ್ವಕೋಶದಲ್ಲಿ ಜಾಹೀರಾತಿಲ್ಲ, ಮಕ್ಕಳು ಬೇರೆ ಕಡೆ ಹೋಗುವ ಭಯವಿಲ್ಲ. ಸಂಪಾದಕರು ತಿದ್ದಿ ಕೊಟ್ಟ ಬರಹ ಅದು. ಉಳಿಸಿಕೊಳ್ಳಲೇಬೇಕು.

ಮೊದಲು ಒಂದು ವಿಷಯ ತಿಳಿದುಕೊಂಡರೆ ಉಳಿದದ್ದು ಸುಲಭ. ಇನ್‌ಸ್ಟಾಲ್ ಅಂದರೆ ಬರೀ ಫೈಲ್ ಕಾಪಿ ಅಲ್ಲ. ಪ್ರೋಗ್ರಾಂ ಯಾವ ಡ್ರೈವ್‌ನ ಯಾವ ಫೋಲ್ಡರ್‌ನಲ್ಲಿದೆ ಅಂತ ಆ ಕಂಪ್ಯೂಟರಿನ ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಬರೆದುಕೊಳ್ಳುತ್ತದೆ. ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಸಾಮಾನು ಸಾಗಿಸಿದ ಮಾತ್ರಕ್ಕೆ ರೇಷನ್ ಕಾರ್ಡಿನ ವಿಳಾಸ ತಾನಾಗಿ ಬದಲಾಗಲಿಲ್ಲವಲ್ಲ, ಹಾಗೆಯೇ. ಹಾರ್ಡ್ ಡಿಸ್ಕ್ ಇನ್ನೊಂದು ಕಂಪ್ಯೂಟರಿಗೆ ಹೋದರೂ ರಿಜಿಸ್ಟ್ರಿ ಜೊತೆಗೆ ಹೋಗುವುದಿಲ್ಲ. ಅದಕ್ಕೇ ಒಮ್ಮೆ ಇನ್‌ಸ್ಟಾಲ್ ಮಾಡಿ ಎಲ್ಲಾ ಕಡೆ ಓಡಿಸುವುದು ನೇರವಾಗಿ ಆಗದು. ದಾರಿ ಇದೆ, ಹೇಳುತ್ತೇನೆ.

ನಿಮ್ಮ ಐದು ಫೋಲ್ಡರ್ ಯಾಕೆ ಕೆಲಸ ಮಾಡಲಿಲ್ಲ ಎಂದರೆ, ಪ್ರತಿ ಡಿಸ್ಕ್‌ಗೂ ತಯಾರಕರು ಒಂದು ಹೆಸರು ಕೊಟ್ಟಿರುತ್ತಾರೆ. ಬಹಳಷ್ಟು ಹಳೇ ಪ್ರೋಗ್ರಾಂಗಳು ಆ ಹೆಸರು ನೋಡಿಯೇ ಇದು ಎರಡನೇ ಡಿಸ್ಕ್ ಎಂದು ಗುರುತು ಹಿಡಿಯುತ್ತವೆ. ಫೋಲ್ಡರ್‌ಗೆ ಕಾಪಿ ಮಾಡಿದಾಗ ಆ ಹೆಸರು ಬಿಟ್ಟುಹೋಗುತ್ತದೆ. ಆದ್ದರಿಂದ ಫೋಲ್ಡರ್ ಬೇಡ, ಪ್ರತಿ ಡಿಸ್ಕ್‌ನ ಐಎಸ್‌ಒ ಇಮೇಜ್ ಮಾಡಿ. ಇಡೀ ಡಿಸ್ಕ್ ತನ್ನ ಹೆಸರಿನ ಸಮೇತ ಒಂದೇ ಫೈಲ್ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಇನ್‌ಸ್ಟಾಲ್ ಕೆಟ್ಟರೆ ಮತ್ತೆ ಮಾಡಬಹುದು, ಡಿವಿಡಿ ಓದುವುದು ನಿಂತರೆ ಮತ್ತೆ ತರಲು ಅಂಗಡಿಯೇ ಇಲ್ಲ. ಮೈಕ್ರೋಸಾಫ್ಟ್ ತನ್ನ ಎನ್‌ಕಾರ್ಟಾ ಎಂಬ ವಿಶ್ವಕೋಶವನ್ನೇ 2009ರಲ್ಲಿ ನಿಲ್ಲಿಸಿತು.

ಇಮೇಜ್ ಮಾಡಲು ಲ್ಯಾಬಿನ ಹಳೇ ಡೆಸ್ಕ್‌ಟಾಪ್ ಸಾಕು, ಅದರಲ್ಲಿ ಡಿವಿಡಿ ಡ್ರೈವ್ ಇರುತ್ತದೆ. ಇಮ್‌ಗ್‌ಬರ್ನ್ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಶಾಲೆಯ ಡಿಸ್ಕ್ ಎಂದರೆ ಸೀಮೆಸುಣ್ಣದ ಪುಡಿ ಕೂತೇ ಇರುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದುಂಡಗೆ ತಿರುಗಿಸಿ ಒರೆಸಬೇಡಿ, ಆ ದಿಕ್ಕಿನ ಗೀರು ಬಿದ್ದರೆ ಓದುವುದು ಕಷ್ಟ. ನಡುವೆ ಓದುವ ಎರರ್ ಬಂದರೆ ವೇಗ ಕಡಿಮೆ ಮಾಡಿ ಮತ್ತೆ ಓದಿಸಿ. ಆಗಲೂ ಆಗದಿದ್ದರೆ ಬೇರೆ ಡ್ರೈವ್‌ನಲ್ಲಿ ನೋಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ಎಷ್ಟೋ ಸಲ ಇದೆ. ಎರರ್ ಬಂದ ಜಾಗ ಬಿಟ್ಟು ಮುಂದೆ ಹೋಗುವ ಆಯ್ಕೆಯನ್ನು ಒತ್ತಲೇಬೇಡಿ. ಇಮೇಜ್ ಆದಂತೆ ಕಾಣುತ್ತದೆ, ಆಮೇಲೆ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ.

ಇದು ಕಳ್ಳತನವೇ ಎಂದೂ ಕೇಳಿದ್ದೀರಿ. ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ನ್ಯಾಯವಾಗಿ ಕೊಂಡವರು ಪ್ರೋಗ್ರಾಂ ಹಾಳಾದೀತು, ಕಳೆದೀತು ಎಂದು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ಆ ಇಮೇಜ್‌ಗಳನ್ನು ಪಕ್ಕದ ಶಾಲೆಗೆ ಹಂಚಬೇಡಿ. ಎಷ್ಟು ಕಂಪ್ಯೂಟರಿನಲ್ಲಿ ಹಾಕಬಹುದು ಎಂಬುದು ಡಬ್ಬಿಯೊಳಗಿನ ಲೈಸೆನ್ಸ್ ಕಾಗದದಲ್ಲಿರುತ್ತದೆ. ಅದನ್ನೂ ಒಮ್ಮೆ ಓದಿ.

ಇನ್ನು ಹಾರ್ಡ್ ಡಿಸ್ಕ್. ಒಂದು ಪದರದ ಡಿವಿಡಿ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. ಐದಕ್ಕೂ ಸೇರಿ ಹೆಚ್ಚೆಂದರೆ 43 ಜಿಬಿ. ನಿಮ್ಮ 500 ಜಿಬಿ ಡಿಸ್ಕ್ ಧಾರಾಳ ಆಯಿತು. ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ ಹಳೇ ಫ್ಯಾಟ್32 ಆಗಿದ್ದರೆ ಮಾತ್ರ ತೊಂದರೆ, ಏಕೆಂದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಕೂರುವುದಿಲ್ಲ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಎನ್‌ಟಿಎಫ್‌ಎಸ್ ಎಂದಿದ್ದರೆ ಸರಿ. ಫ್ಯಾಟ್32 ಎಂದಿದ್ದರೆ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಬೇಕು. ಅದರಲ್ಲಿರುವ ವಾರ್ಷಿಕೋತ್ಸವದ ಫೋಟೋ ಎಲ್ಲಾ ಮೊದಲು ಬೇರೆ ಕಡೆ ತೆಗೆದಿಡಿ, ಫಾರ್ಮ್ಯಾಟ್ ಆದರೆ ಎಲ್ಲಾ ಹೋಗುತ್ತದೆ.

ಆಮೇಲೆ ಡ್ರೈವ್‌ಗೆ ಕಾಯಂ ಅಕ್ಷರ ಕೊಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇವತ್ತು ‘ಇ’ ಎಂದು ಬಂದ ಡ್ರೈವ್, ನಾಳೆ ಯಾರೋ ಮೊದಲೇ ಪೆನ್‌ಡ್ರೈವ್ ಹಾಕಿದ್ದರೆ ‘ಎಫ್’ ಎಂದು ಬರಬಹುದು. ಆಗ ಪ್ರೋಗ್ರಾಂ ಹಳೇ ಜಾಗದಲ್ಲೇ ಹುಡುಕಿ ‘ಫೈಲ್ ಇಲ್ಲ’ ಎನ್ನುತ್ತದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ನಿಮ್ಮ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡ್ರೈವ್ ಅಕ್ಷರ ಬದಲಿಸುವ ಆಯ್ಕೆ ಸಿಗುತ್ತದೆ. ಕೊನೆಯ ಕಡೆಯ ಅಕ್ಷರ ಇರಲಿ, ‘ಎಕ್ಸ್’ ಎಂದುಕೊಳ್ಳೋಣ. ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತದೆ. ವಿಶ್ವಕೋಶ ಓಡಬೇಕಾದ ಪ್ರತಿ ಕಂಪ್ಯೂಟರಿನಲ್ಲೂ ಇದೇ ಅಕ್ಷರ ಕೊಡಬೇಕು.

ಈಗ ಇನ್‌ಸ್ಟಾಲ್. ವಿಂಡೋಸ್ 8ರಿಂದ ಈಚೆಗೆ ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಡಿವಿಡಿ ಹಾಕಿದಂತೆಯೇ ತೆರೆಯುತ್ತದೆ. ಒಂದೇ ಡಿಸ್ಕ್ ಆಗಿದ್ದರೆ ಅಷ್ಟೇ ಸಾಕಿತ್ತು. ನಿಮ್ಮದು ಐದು. ಎರಡನೇ ಇಮೇಜ್ ತೆರೆದಾಗ ಅದು ಬೇರೆ ಅಕ್ಷರದಲ್ಲಿ ಬಂದರೆ ಇನ್‌ಸ್ಟಾಲ್ ಪ್ರೋಗ್ರಾಂ ಮೊದಲಿನ ಅಕ್ಷರದಲ್ಲೇ ಕಾಯುತ್ತಾ ಕೂರುತ್ತದೆ. ಅದಕ್ಕೆ ನಾನು ವರ್ಚುವಲ್ ಕ್ಲೋನ್‌ಡ್ರೈವ್ ಹಾಕಿಕೊಳ್ಳಲು ಹೇಳುತ್ತೇನೆ, ಅದೂ ಉಚಿತ. ಒಂದು ಖಾಲಿ ಡಿವಿಡಿ ಡ್ರೈವ್ ಯಾವಾಗಲೂ ಇರುವಂತೆ ಮಾಡುತ್ತದೆ. ‘ಡಿಸ್ಕ್ 2 ಹಾಕಿ’ ಎಂದಾಗ ಅದೇ ಡ್ರೈವ್‌ನಲ್ಲಿ ಇಮೇಜ್ ಬದಲಿಸಿ ಓಕೆ ಒತ್ತಿದರೆ ಮುಗಿಯಿತು. ಇನ್‌ಸ್ಟಾಲ್ ವಿಧ ಕೇಳಿದಾಗ ಫುಲ್ ಆರಿಸಿ, ಜಾಗ ಕೇಳಿದಾಗ ‘ಎಕ್ಸ್’ನಲ್ಲಿ ಒಂದು ಫೋಲ್ಡರ್ ತೋರಿಸಿ. ಫುಲ್ ಆರಿಸದಿದ್ದರೆ ಬರಹ ಮಾತ್ರ ಹಾರ್ಡ್ ಡಿಸ್ಕ್‌ಗೆ ಬಂದು, ವಿಡಿಯೋ ನೋಡುವಾಗ ಮತ್ತೆ ಡಿವಿಡಿ ಕೇಳಬಹುದು.

ಎರಡನೇ ಕಂಪ್ಯೂಟರಿಗೆ ಹೋದಾಗ ಅಲ್ಲಿಯೂ ‘ಎಕ್ಸ್’ ಅಕ್ಷರ ಕೊಟ್ಟು, ಸೆಟಪ್ ಮತ್ತೆ ಓಡಿಸಿ, ಅದೇ ಫೋಲ್ಡರ್ ತೋರಿಸಿ. ಅವೇ ಫೈಲ್‌ಗಳ ಮೇಲೆ ಅವೇ ಬರುತ್ತವೆ, ಜಾಗ ಜಾಸ್ತಿ ಹಿಡಿಯುವುದಿಲ್ಲ. ಆ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ ವಿಳಾಸ ಬರೆದಾಯಿತು. ಇನ್ನು ಮುಂದೆ ಹಚ್ಚಿದರೆ ಓಡುತ್ತದೆ. ಒಂದು ಎಚ್ಚರಿಕೆ: ಯಾವುದೋ ಒಂದು ಕಂಪ್ಯೂಟರಿನಿಂದ ಅನ್‌ಇನ್‌ಸ್ಟಾಲ್ ಮಾಡುವಾಗ ಹಾರ್ಡ್ ಡಿಸ್ಕ್ ಹಚ್ಚಿದ್ದರೆ ಎಲ್ಲರ ಫೈಲೂ ಅಳಿಸಿಹೋಗುತ್ತದೆ.

ಸೆಟಪ್ ಶುರುವೇ ಆಗದೆ ‘ಈ ಪ್ರೋಗ್ರಾಂ ಈ ಕಂಪ್ಯೂಟರಿನಲ್ಲಿ ಓಡದು’ ಎಂದರೆ ಅದು ಬಹುಶಃ 16 ಬಿಟ್ ಕಾಲದ, ಅಂದರೆ ತೀರಾ ಹಳೇ ವಿಂಡೋಸ್‌ಗೆ ಬರೆದ ಸೆಟಪ್. 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದಿಲ್ಲ, ಕಂಪ್ಯಾಟಿಬಿಲಿಟಿ ಆಯ್ಕೆ ಎಷ್ಟು ಬದಲಿಸಿದರೂ ಅಷ್ಟೇ. ನಕಲು ತಡೆಯುವ ಸೇಫ್‌ಡಿಸ್ಕ್ ಎಂಬ ಬೀಗ ಇರುವ ಡಿಸ್ಕ್‌ಗಳೂ ವಿಂಡೋಸ್ 10ರಲ್ಲಿ ನಡೆಯುವುದಿಲ್ಲ, ಅಸಲಿ ಡಿಸ್ಕ್ ಹಾಕಿದರೂ. ಇನ್‌ಸ್ಟಾಲ್ ಆದರೂ ಕೆಲವು ಅನಿಮೇಷನ್ ಓಡದೇ ಇರಬಹುದು. ಅಂಥವನ್ನು ಓಡಿಸುತ್ತಿದ್ದ ಫ್ಲ್ಯಾಶ್ ಪ್ರೋಗ್ರಾಂಗೆ ಅಡೋಬಿ 2020ರ ಕೊನೆಗೆ ಬೆಂಬಲ ನಿಲ್ಲಿಸಿದೆ.

ಇಂಥ ಸಂದರ್ಭಕ್ಕೆ ವರ್ಚುವಲ್‌ಬಾಕ್ಸ್ ಇದೆ, ಕಂಪ್ಯೂಟರಿನೊಳಗೇ ಇನ್ನೊಂದು ಹುಸಿ ಕಂಪ್ಯೂಟರ್ ನಡೆಸುವ ಪ್ರೋಗ್ರಾಂ ಅದು. ಮೂಲೆಗೆ ಸೇರಿದ ಹಳೇ ಕಂಪ್ಯೂಟರಿನ ಜೊತೆ ಬಂದ ವಿಂಡೋಸ್ ಎಕ್ಸ್‌ಪಿ ಸಿಡಿ ಮತ್ತು ಕೀ ಇದ್ದರೆ ಹುಡುಕಿ. ಅದು ಇನ್ನೊಂದು ಕಂಪ್ಯೂಟರಿನಲ್ಲಿ ನಡೆಯುವ ಥರದ ಲೈಸೆನ್ಸೇ ಎಂಬುದನ್ನೂ ನೋಡಿಕೊಳ್ಳಿ. ವರ್ಚುವಲ್‌ಬಾಕ್ಸ್ ಒಳಗೆ ಎಕ್ಸ್‌ಪಿ ಹಾಕಿ, ಅದರೊಳಗೆ ವಿಶ್ವಕೋಶ ಹಾಕಿ, ಆ ಇಡೀ ಯಂತ್ರದ ಫೋಲ್ಡರನ್ನು ‘ಎಕ್ಸ್’ನಲ್ಲೇ ಇಡಿ. ಇಲ್ಲಿ ರಿಜಿಸ್ಟ್ರಿಯೂ ಆ ಫೋಲ್ಡರಿನೊಳಗೇ ಇರುತ್ತದೆ. ಹಾಗಾಗಿ ನೀವು ಕೇಳಿದ ಹಾಗೆ ಒಮ್ಮೆ ಹಾಕಿ ಎಲ್ಲಾ ಕಡೆ ಒಯ್ಯುವುದು ನಿಜವಾಗಿ ಆಗುವುದು ಈ ದಾರಿಯಲ್ಲಿ. ಪ್ರತಿ ಕಂಪ್ಯೂಟರಿನಲ್ಲಿ ವರ್ಚುವಲ್‌ಬಾಕ್ಸ್ ಮಾತ್ರ ಇರಬೇಕು. ಎಕ್ಸ್‌ಪಿಗೆ ಈಗ ಸುರಕ್ಷತಾ ಅಪ್‌ಡೇಟ್ ಬರುವುದಿಲ್ಲ, ಆದ್ದರಿಂದ ಕೆಲಸ ಮುಗಿದ ಮೇಲೆ ಅದರ ನೆಟ್‌ವರ್ಕ್ ಬಂದ್ ಮಾಡಿ. ಕಂಪ್ಯೂಟರಿನಲ್ಲಿ 4 ಜಿಬಿ ರ‍್ಯಾಮ್ ಇದ್ದರೂ ಎಕ್ಸ್‌ಪಿ ಚೆನ್ನಾಗಿಯೇ ಓಡುತ್ತದೆ.

ಹಾರ್ಡ್ ಡಿಸ್ಕ್‌ನ ಜೋಪಾನದ ಬಗ್ಗೆ ಎರಡು ಮಾತು. ಡೆಸ್ಕ್‌ಟಾಪ್ ಆದರೆ ಹಿಂದಿನ ಯುಎಸ್‌ಬಿಗೆ ಹಚ್ಚಿ. ಮುಂದಿನದರಲ್ಲಿ ಎಷ್ಟೋ ಸಲ ಪವರ್ ಸಾಲದೆ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಶುರು ಮಾಡಬೇಡಿ. ಬರೆಯುವಾಗ ಕರೆಂಟ್ ಹೋದರೆ ಫೈಲ್ ವ್ಯವಸ್ಥೆಯೇ ಕೆಡಬಹುದು. ಹಾಗಾದರೆ ಪ್ರಾಪರ್ಟೀಸ್‌ನ ಟೂಲ್ಸ್‌ನಲ್ಲಿ ಚೆಕ್ ಒತ್ತಿ. ಏಪ್ರಿಲ್‌, ಮೇ ಬಿಸಿಲಿನಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ ಕಡೆ 40 ಡಿಗ್ರಿ ದಾಟುತ್ತದೆ. ಕಿಟಕಿ ಪಕ್ಕ, ಮುಚ್ಚಿದ ಡ್ರಾಯರ್ ಒಳಗೆ ಡಿಸ್ಕ್ ಓಡಿಸಬೇಡಿ. ಇಮೇಜ್‌ಗಳ ಇನ್ನೊಂದು ಪ್ರತಿ ಆಫೀಸ್ ಕಂಪ್ಯೂಟರಿನಲ್ಲಿ ಇರಲಿ.

ಮೊದಲ ಡಿಸ್ಕ್‌ನ ಡಬ್ಬಿಯ ಹಿಂದೆ ಯಾವ ವಿಂಡೋಸ್ ಬೇಕು ಎಂದು ಬರೆದಿರುತ್ತದೆ. ಅದರ ಫೋಟೋ ಇಲ್ಲಿ ಹಾಕಿ ಅಕ್ಕೋರೆ, ಸೀರಿಯಲ್ ನಂಬರ್ ಮುಚ್ಚಿ. ನೋಡಿದರೆ ನೇರ ಇನ್‌ಸ್ಟಾಲ್ ಆಗುತ್ತದೋ, ವರ್ಚುವಲ್‌ಬಾಕ್ಸೇ ಬೇಕೋ ಹೇಳುತ್ತೇನೆ. ಅಲ್ಲಿಯವರೆಗೆ ಐದು ಇಮೇಜ್ ಮಾಡಿ ಮುಗಿಸಿಬಿಡಿ, ಯಾವ ದಾರಿಗೂ ಅವು ಬೇಕೇ ಬೇಕು.