ಇಂಗ್ಲೆಂಡಿನ ಪ್ರೆಸ್ಟನ್ ಕ್ಲಬ್‌ನಲ್ಲಿ ಗೋಲು ಹೊಡೆಯುತ್ತಿದ್ದ ಫುಟ್ಬಾಲ್ ಆಟಗಾರ ಅಲೆಕ್ಸ್ ಜೇಮ್ಸ್ ಆರ್ಸೆನಲ್ ಕ್ಲಬ್‌ನಲ್ಲಿ ಅಷ್ಟೊಂದು ಹೊಡೆಯಲಿಲ್ಲ, ಏಕೆ?

ಆರ್ಸೆನಲ್‌ನ ಕೋಚ್ ಹರ್ಬರ್ಟ್ ಚಾಪ್ಮನ್ ಜೇಮ್ಸ್‌ರ ಕೆಲಸವನ್ನೇ ಬದಲಿಸಿದರು. ಗೋಲು ಹೊಡೆಯುವುದಲ್ಲ, ಹೊಡೆಸುವುದು ಅವರ ಪಾಲಿಗೆ ಬಂತು.

1925ರವರೆಗೆ ಆಫ್‌ಸೈಡ್ (ಎದುರಾಳಿಯ ಗೋಲಿನತ್ತ ಮೊದಲೇ ಮುಂದೆ ಹೋಗಿ ನಿಲ್ಲುವ ತಪ್ಪು) ಆಗದಿರಲು ದಾಳಿಗಾರನ ಮುಂದೆ ಎದುರಾಳಿಯ ಮೂವರು ಇರಬೇಕಿತ್ತು. ಆ ವರ್ಷ ಅದು ಇಬ್ಬರಿಗೆ ಇಳಿಯಿತು. ಗೋಲುಗಳು ಹೆಚ್ಚಿದವು. ಅದನ್ನು ತಡೆಯಲು ಚಾಪ್ಮನ್ ನಡುವಿನ ಆಟಗಾರನನ್ನು ರಕ್ಷಣೆಗೆ ಹಿಂದೆಳೆದರು, ಮೈದಾನದ ಮಧ್ಯ ಖಾಲಿಯಾಯಿತು. ಆ ಜಾಗ ತುಂಬಲು 1929ರಲ್ಲಿ 8,750 ಪೌಂಡ್ ಕೊಟ್ಟು ತಂದದ್ದೇ ಸ್ಕಾಟ್ಲೆಂಡಿನ ಮೋಸೆಂಡ್‌ನಲ್ಲಿ ಹುಟ್ಟಿದ ಈ ಗಿಡ್ಡ ಆಟಗಾರನನ್ನು. ಹಿಂದೆ ಬಂದು ಚೆಂಡು ಪಡೆದು, ಒಂದೇ ಉದ್ದ ಪಾಸಿನಲ್ಲಿ ಬದಿಯಲ್ಲಿ ಆಡುತ್ತಿದ್ದ ದಾಳಿಗಾರರಾದ ಬಾಸ್ಟಿನ್ ಅಥವಾ ಹ್ಯೂಮ್‌ಗೆ ತಲುಪಿಸಬೇಕು. ಒಗ್ಗಲು ಸಮಯ ಹಿಡಿಯಿತು, ಮೊದಲ ತಿಂಗಳುಗಳು ಕಷ್ಟದವು.

ಗೋಲಿನ ಕಣ್ಣು ಮಾತ್ರ ಮಂಜಾಗಿರಲಿಲ್ಲ. 1930ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯಾವಳಿಯ ಫೈನಲ್‌ನಲ್ಲಿ ಎದುರಾಳಿ ಹಡರ್ಸ್‌ಫೀಲ್ಡ್ ಆಟಗಾರರು ಸಜ್ಜಾಗುವ ಮೊದಲೇ ಜೇಮ್ಸ್ ಫ್ರೀಕಿಕ್ಕನ್ನು ಬಾಸ್ಟಿನ್‌ಗೆ ತಳ್ಳಿ, ಮರಳಿ ಪಡೆದು, ಗೋಲು ಹೊಡೆದರು. ಆರ್ಸೆನಲ್ 2-0ರಿಂದ ಗೆದ್ದಿತು. ಮುಂದೆ 1931, 1933, 1934, 1935ರ ಲೀಗ್ ಪಟ್ಟಗಳು. ಗೋಲಿನ ಲೆಕ್ಕವೊಂದರಿಂದಲೇ ಅವರನ್ನು ಅಳೆಯುವುದು ನನ್ನ ಪ್ರಕಾರ ಅನ್ಯಾಯ.

ಜೇಮ್ಸ್ ತೊಡುತ್ತಿದ್ದ, ಮೊಣಕಾಲು ಮುಟ್ಟುವ ದೊಗಳೆ ಚಡ್ಡಿಗೂ ಕಾರಣವಿತ್ತು: ಸಂಧಿವಾತಕ್ಕೆಂದು ಒಳಗೆ ತೊಡುತ್ತಿದ್ದ ಬೆಚ್ಚನೆಯ ಉಡುಪನ್ನು ಅದು ಮುಚ್ಚುತ್ತಿತ್ತು.