ಟರ್ಬಿನೇಟ್ ಉಬ್ಬಿ ಮೂಗು ಕಟ್ಟಿದರೆ ಆಪರೇಷನ್ ಬೇಕೇ?

ಪ್ರಶ್ನೆ: ನನಗೆ 34 ವರ್ಷ. ಭತ್ತದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಏಳೆಂಟು ವರ್ಷಗಳಿಂದ ಮೂಗು ಕಟ್ಟುವ ತೊಂದರೆಯಿದೆ. ಒಮ್ಮೆ ಎಡಗಡೆ ಕಟ್ಟಿದರೆ ಇನ್ನೊಮ್ಮೆ ಬಲಗಡೆ. ರಾತ್ರಿ ಮಲಗಿದಾಗ ಕೆಳಗಾದ ಮಗ್ಗುಲಿನ ಹೊಳ್ಳೆ ಪೂರ್ತಿ ಮುಚ್ಚಿಕೊಳ್ಳುತ್ತದೆ, ಬೆಳಿಗ್ಗೆ ಎದ್ದಾಗ ಬಾಯಿ ಒಣಗಿರುತ್ತದೆ, ಸೀನು ಒಂದೇ ಸಮನೆ ಬರುತ್ತದೆ. ಎರಡು ವರ್ಷಗಳಿಂದ ಔಷಧಿ ಅಂಗಡಿಯ ಡ್ರಾಪ್ಸ್ ಹಾಕಿಕೊಳ್ಳದೆ ನಿದ್ದೆ ಬರುವುದಿಲ್ಲ. ಸ್ಕ್ಯಾನ್ ಮಾಡಿಸಿದ ಇಎನ್‌ಟಿ ವೈದ್ಯರು ಮೂಗಿನ ಮೂಳೆ ಸ್ವಲ್ಪ ವಾರೆಯಿದೆ, ಎರಡೂ ಕಡೆ ಟರ್ಬಿನೇಟ್ ದಪ್ಪವಾಗಿದೆ, ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದಾರೆ. ‘ಮಾಂಸ ತೆಗೆಸಿದರೂ ಮತ್ತೆ ಬೆಳೆಯುತ್ತದೆ’ ಎಂದು ನೆಂಟರು ಹೇಳುತ್ತಾರೆ. ಇಂಟರ್ನೆಟ್‌ನಲ್ಲಿ ‘ಎಂಪ್ಟಿ ನೋಸ್’ ಎಂಬ ತೊಂದರೆಯ ಬಗ್ಗೆ ಓದಿ ಹೆದರಿದ್ದೇನೆ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಆಪರೇಷನ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ನಿಮ್ಮ ಪತ್ರದಲ್ಲಿ ಇತ್ಯರ್ಥವಾಗಬೇಕಾದ ವಿಷಯವೊಂದಿದೆ. ಅದು ನೀವು ಎರಡು ವರ್ಷಗಳಿಂದ ಪ್ರತಿ ರಾತ್ರಿ ಹಾಕಿಕೊಳ್ಳುತ್ತಿರುವ ಡ್ರಾಪ್ಸ್. ಅದಕ್ಕೆ ಬರುವ ಮುನ್ನ ಟರ್ಬಿನೇಟ್ ಎಂದರೇನು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಿಮ್ಮ ನೆಂಟರ ಮಾತಿಗೂ ನಿಮ್ಮ ಹೆದರಿಕೆಗೂ ಉತ್ತರ ಅಲ್ಲಿಯೇ ಇದೆ.

ಮೂಗಿನ ಎರಡೂ ಬದಿಗಳಲ್ಲಿ ಹೊರಗೋಡೆಯಿಂದ ಒಳಕ್ಕೆ ಚಾಚಿಕೊಂಡು, ಒಂದರ ಮೇಲೊಂದರಂತೆ ಮೂರು ಸುರುಳಿಗಳಿರುತ್ತವೆ. ಒಳಗೆ ತೆಳುವಾದ ಮೂಳೆ, ಅದರ ಸುತ್ತ ರಕ್ತನಾಳಗಳು ದಟ್ಟವಾಗಿ ತುಂಬಿದ ಮೆತ್ತನೆಯ ಅಂಗಾಂಶ, ಮೇಲೆ ಸೂಕ್ಷ್ಮ ರೋಮಗಳಿರುವ ಲೋಳೆಪೊರೆ, ಇದೇ ಟರ್ಬಿನೇಟ್. ಮೂರರಲ್ಲಿ ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಉಸಿರಿಗೆ ಅಡ್ಡಿಯಾಗುವುದೂ ಸಾಮಾನ್ಯವಾಗಿ ಅದೇ. ನಾವು ಎಳೆದುಕೊಂಡ ಗಾಳಿ ಗಂಟಲು ತಲುಪುವ ಮೊದಲು ಬೆಚ್ಚಗಾಗುವುದು, ತೇವಗೊಳ್ಳುವುದು, ಧೂಳನ್ನು ಕಳೆದುಕೊಳ್ಳುವುದು ಬಹುಪಾಲು ಈ ಸುರುಳಿಗಳ ಮೇಲೆ ಹಾದುಹೋಗುವಾಗ. ಕನ್ನಡಿಯ ಮುಂದೆ ಟಾರ್ಚ್ ಹಿಡಿದು ನೋಡಿಕೊಂಡವರಿಗೆ ಕಾಣುವ ನಸುಗೆಂಪು ಉಬ್ಬು ಹೆಚ್ಚಾಗಿ ಕೆಳಗಿನ ಟರ್ಬಿನೇಟ್‌ನ ಮುಂತುದಿಯೇ ಆಗಿರುತ್ತದೆ. ಅದನ್ನು ದುರ್ಮಾಂಸವೆಂದು ತಿಳಿದು ಗಾಬರಿಯಿಂದ ಬರುವವರು ಬಹಳ ಮಂದಿ. ನಿಜವಾದ ದುರ್ಮಾಂಸ, ಅಂದರೆ ಪಾಲಿಪ್, ಬಿಳಿಚಿಕೊಂಡಿರುತ್ತದೆ, ಸಲಕರಣೆಯ ತುದಿಯಿಂದ ಮುಟ್ಟಿದರೆ ನೋಯುವುದಿಲ್ಲ. ಟರ್ಬಿನೇಟನ್ನು ಮುಟ್ಟಿದರೆ ರೋಗಿ ಥಟ್ಟನೆ ತಲೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಹಾಗಾಗಿ ‘ಮತ್ತೆ ಬೆಳೆಯುತ್ತದೆ’ ಎಂಬ ಮಾತು ಪಾಲಿಪ್‌ಗೆ ಹೊಂದುತ್ತದೆ. ಟರ್ಬಿನೇಟ್ ಹುಟ್ಟಿನಿಂದಲೇ ಇರುವ ಅಂಗ. ಅದನ್ನು ಕಿರಿದುಗೊಳಿಸಿದ ಮೇಲೆ ಉಳಿದ ಭಾಗ ಅಲರ್ಜಿಯಿಂದ ಮತ್ತೆ ಊದಿಕೊಳ್ಳುವುದುಂಟು.

ಸ್ಪಂಜು ನೀರು ಹೀರಿ ಉಬ್ಬುವಂತೆ ಈ ಅಂಗಾಂಶ ರಕ್ತ ತುಂಬಿಕೊಂಡು ಉಬ್ಬುತ್ತದೆ, ಮತ್ತೆ ಇಳಿಯುತ್ತದೆ. ಆರೋಗ್ಯವಂತರಲ್ಲಿಯೂ ಕೆಲವು ಗಂಟೆಗಳಿಗೊಮ್ಮೆ ಒಂದು ಬದಿ ಉಬ್ಬಿ ಇನ್ನೊಂದು ಬದಿ ಇಳಿಯುತ್ತಿರುತ್ತದೆ. ಇದನ್ನು 1895ರಲ್ಲಿ ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ ವೈದ್ಯಕೀಯವಾಗಿ ವಿವರಿಸಿದರು. ಉಸಿರು ಇಡಾ ಮತ್ತು ಪಿಂಗಳಾ ಎಂದು ಬದಿ ಬದಲಿಸುತ್ತದೆಂಬ ಮಾತು ನಮ್ಮ ಯೋಗ ಪರಂಪರೆಯ ಸ್ವರಶಾಸ್ತ್ರದಲ್ಲಿಯೂ ಇದೆ. ಮಗ್ಗುಲಾಗಿ ಮಲಗಿದಾಗ ಕೆಳಗಿನ ಬದಿ ಉಬ್ಬುವುದೂ ಸಹಜವೇ. ಆದ್ದರಿಂದ ಸ್ಕ್ಯಾನ್ ತೆಗೆದ ಗಳಿಗೆಯಲ್ಲಿ ಒಂದು ಟರ್ಬಿನೇಟ್ ದಪ್ಪವಾಗಿ ಕಂಡಿತೆಂಬ ಒಂದೇ ಕಾರಣಕ್ಕೆ ಯಾರಿಗೂ ಆಪರೇಷನ್ ಬೇಕಾಗುವುದಿಲ್ಲ. ನಿಮ್ಮಲ್ಲಿ ಈ ಸಹಜ ಏರಿಳಿತದ ಮೇಲೆ ಎರಡು ತೊಂದರೆಗಳು ಸೇರಿಕೊಂಡಿರುವಂತೆ ತೋರುತ್ತದೆ: ಬೆಳಗಿನ ಸೀನು ಮತ್ತು ಮಂಡಿಯ ಧೂಳು ಸೂಚಿಸುವ ಅಲರ್ಜಿ ಒಂದು, ಡ್ರಾಪ್ಸ್ ಇನ್ನೊಂದು.

ಝೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್ ಇರುವ ಈ ಹನಿಗಳು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕೆಲವೇ ನಿಮಿಷಗಳಲ್ಲಿ ಮೂಗು ತೆರೆದುಕೊಳ್ಳುತ್ತದೆ. ಐದು ದಿನ ಮೀರಿ ಬಳಸುತ್ತ ಹೋದರೆ, ಔಷಧದ ಪ್ರಭಾವ ಇಳಿಯುತ್ತಿದ್ದಂತೆ ರಕ್ತನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗತೊಡಗುತ್ತವೆ, ಮೂಗು ಮತ್ತೆ ಕಟ್ಟುತ್ತದೆ, ಕಟ್ಟಿತೆಂದು ಇನ್ನೆರಡು ಹನಿ ಹಾಕಿಕೊಳ್ಳಬೇಕಾಗುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಈ ಪುಟ್ಟ ಬಾಟಲಿ ಎಷ್ಟೋ ಜನರ ಮೂಗನ್ನು ವರ್ಷಗಟ್ಟಲೆ ಕಟ್ಟಿಹಾಕಿದೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಇದನ್ನು ಬಿಡುವ ದಾರಿಯೊಂದಿದೆ. ವೈದ್ಯರ ಸಲಹೆಯಂತೆ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಇರುವ ಸ್ಪ್ರೇಯನ್ನು ಎರಡೂ ಹೊಳ್ಳೆಗಳಿಗೆ ಆರಂಭಿಸಿ, ಡ್ರಾಪ್ಸನ್ನು ಮೊದಲು ಒಂದೇ ಹೊಳ್ಳೆಯಲ್ಲಿ ನಿಲ್ಲಿಸಿ; ಅದು ತೆರೆದುಕೊಂಡ ಮೇಲೆ ಎರಡನೆಯದರಲ್ಲಿಯೂ ನಿಲ್ಲಿಸಿ. ಒಂದೆರಡು ವಾರ ರಾತ್ರಿಗಳು ಕಷ್ಟವಾಗುತ್ತವೆ. ದಿಂಬನ್ನು ಎತ್ತರಿಸಿಕೊಂಡು, ಉಪ್ಪುನೀರಿನಿಂದ ಮೂಗು ತೊಳೆದುಕೊಂಡು ಅದನ್ನು ದಾಟಬೇಕು.

ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಸ್ಪ್ರೇ ಬಿಟ್ಟುಬಿಡಬೇಡಿ. ಇದರಿಂದ ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪ. ಆದರೆ ಇದು ಡ್ರಾಪ್ಸ್‌ನಂತೆ ತಕ್ಷಣ ಕೆಲಸ ಮಾಡುವುದಿಲ್ಲ, ಪೂರ್ಣ ಪರಿಣಾಮಕ್ಕೆ ಎರಡು ವಾರ ಬೇಕಾಗಬಹುದು, ದಿನವೂ ತಪ್ಪದೆ ಬಳಸಬೇಕು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಎಡ ಹೊಳ್ಳೆಗೆ ಬಲಗೈಯಿಂದಲೂ ಬಲ ಹೊಳ್ಳೆಗೆ ಎಡಗೈಯಿಂದಲೂ ಹಿಡಿದು, ತುದಿಯನ್ನು ಕಣ್ಣಿನ ಹೊರಮೂಲೆಯ ಕಡೆಗೆ ತಿರುಗಿಸಿ ಒತ್ತಿರಿ. ಔಷಧ ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ನಡುಗೋಡೆಗೆ (ನಿಮ್ಮ ವೈದ್ಯರು ವಾರೆಯಿದೆ ಎಂದ ‘ಮೂಗಿನ ಮೂಳೆ’ ಇದೇ) ಬಡಿದರೆ ಅಲ್ಲಿ ರಕ್ತ ಒಸರುತ್ತದೆ. ಜೋರಾಗಿ ಉಸಿರೆಳೆದರೆ ಔಷಧ ಗಂಟಲಿಗೆ ಇಳಿದು ವ್ಯರ್ಥವಾಗುತ್ತದೆ. ಮಂಡಿಯಲ್ಲಿ ಮಾಸ್ಕ್ ಧರಿಸಿ, ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಸಿ, ಮನೆಯ ಸುತ್ತ ಪಾರ್ಥೇನಿಯಂ ಗಿಡಗಳಿದ್ದರೆ ಹೂ ಬಿಡುವ ಮೊದಲೇ ಬೇರೆಯವರಿಂದ ಕೀಳಿಸಿ.

ಎರಡು ತಿಂಗಳು ಹೀಗೆ ನಿಷ್ಠೆಯಿಂದ ಮಾಡಿದ ಮೇಲೂ ಮೂಗು ಕಟ್ಟಿಯೇ ಇದ್ದರೆ ಆಗ ಆಪರೇಷನ್ ಬಗ್ಗೆ ಮಾತನಾಡುವುದು ನ್ಯಾಯ. ಆಗ ವೈದ್ಯರು ಎಂಡೋಸ್ಕೋಪ್ ಹಾಕಿ ನೋಡಿ, ಮೂಗಿಗೆ ರಕ್ತನಾಳ ಕುಗ್ಗಿಸುವ ಔಷಧವನ್ನು ಒಮ್ಮೆ ಹಾಕಿ ಕೆಲ ನಿಮಿಷಗಳ ನಂತರ ಮತ್ತೆ ನೋಡುತ್ತಾರೆ. ಟರ್ಬಿನೇಟ್ ಕುಗ್ಗಿ ಉಸಿರು ಸರಾಗವಾದರೆ ತೊಂದರೆ ಮೆತ್ತನೆಯ ಅಂಗಾಂಶದ್ದು. ಏನೂ ಬದಲಾಗದಿದ್ದರೆ ಒಳಗಿನ ಮೂಳೆಯೇ ದಪ್ಪವಾಗಿರಬಹುದು ಅಥವಾ ವಾರೆಯಾದ ನಡುಗೋಡೆಯೇ ಮುಖ್ಯ ಅಡ್ಡಿಯಾಗಿರಬಹುದು. ನಡುಗೋಡೆ ಒಂದು ಬದಿಗೆ ವಾಲಿದಾಗ ಇನ್ನೊಂದು ಬದಿಯ ಟರ್ಬಿನೇಟ್ ಖಾಲಿ ಜಾಗವನ್ನು ತುಂಬುವಂತೆ ದಪ್ಪವಾಗುವುದರಿಂದ ಎರಡನ್ನೂ ಒಂದೇ ಸಲ ಸರಿಪಡಿಸುವುದು ರೂಢಿಯಲ್ಲಿದೆ.

ಆಪರೇಷನ್‌ನಲ್ಲಿ ಮುಖ್ಯವಾದ ಮಾತೆಂದರೆ ಮೇಲಿನ ಲೋಳೆಪೊರೆಯನ್ನು ಉಳಿಸಿಕೊಳ್ಳುವುದು. ರೇಡಿಯೋಫ್ರೀಕ್ವೆನ್ಸಿ ಅಥವಾ ಕೋಬ್ಲೇಷನ್ ವಿಧಾನದಲ್ಲಿ ತೆಳ್ಳಗಿನ ಕಡ್ಡಿಯಂಥ ಸಲಕರಣೆಯನ್ನು ಪೊರೆಯ ಕೆಳಗೆ ತೂರಿಸಿ ಒಳಗಿನ ಅಂಗಾಂಶಕ್ಕೆ ಶಾಖ ಕೊಡುತ್ತಾರೆ. ಮುಂದಿನ ವಾರಗಳಲ್ಲಿ ಅದು ಗಾಯ ಮಾಗುತ್ತ ಕುಗ್ಗುತ್ತದೆ. ಇದನ್ನು ಸ್ಥಳೀಯ ಅರಿವಳಿಕೆಯಲ್ಲಿಯೇ ಮಾಡಿ ಅದೇ ದಿನ ಮನೆಗೆ ಕಳಿಸುವುದುಂಟು, ಆದರೆ ಕೆಲವರಲ್ಲಿ ಕೆಲವು ವರ್ಷಗಳಲ್ಲಿ ಪರಿಣಾಮ ತಗ್ಗುತ್ತದೆ. ಟರ್ಬಿನೋಪ್ಲಾಸ್ಟಿಯಲ್ಲಿ ಮುಂತುದಿಯಲ್ಲಿ ಸಣ್ಣ ಸೀಳು ಮಾಡಿ, ತಿರುಗುವ ಅಲಗಿನ ಮೈಕ್ರೋಡಿಬ್ರೈಡರ್‌ನಿಂದ ಒಳಗಿನ ಅಂಗಾಂಶವನ್ನೂ ಬೇಕಾದರೆ ಮೂಳೆಯ ಚೂರನ್ನೂ ತೆಗೆದು, ಪೊರೆಯನ್ನು ಹಾಗೆಯೇ ಬಿಡುತ್ತಾರೆ. ಜೊತೆಗೆ ಉಳಿದ ಮೂಳೆಯನ್ನು ಮುರಿದು ಹೊರಗೋಡೆಯತ್ತ ಸರಿಸುವುದೂ ಇದೆ. ಆರು ವಿಧಾನಗಳನ್ನು 382 ರೋಗಿಗಳಲ್ಲಿ ಹೋಲಿಸಿ ವರ್ಷಗಳ ಕಾಲ ಗಮನಿಸಿದ ಇಟಲಿಯ ವೈದ್ಯರ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೀಗೆ ಪೊರೆಯ ಕೆಳಗಿನಿಂದ ತೆಗೆದು ಹೊರಕ್ಕೆ ಸರಿಸಿದ ವಿಧಾನಕ್ಕೇ ದೀರ್ಘಕಾಲದ ಉತ್ತಮ ಫಲ ಸಿಕ್ಕಿತು. ಟರ್ಬಿನೇಟನ್ನು ಪೂರ್ತಿ ಕತ್ತರಿಸುವ ಹಳೆಯ ಕ್ರಮವನ್ನು ಇಂದು ಜವಾಬ್ದಾರಿಯುತ ವೈದ್ಯರು ಅನುಸರಿಸುವುದಿಲ್ಲ.

ನೀವು ಓದಿದ ಎಂಪ್ಟಿ ನೋಸ್ ತೊಂದರೆ ಮುಖ್ಯವಾಗಿ ಅಂಥ ಅತಿಯಾದ ಕತ್ತರಿಕೆಗೆ ಸಂಬಂಧಿಸಿದ್ದು. ಅಮೆರಿಕದ ಮೇಯೊ ಕ್ಲಿನಿಕ್‌ನ ಯೂಜೀನ್ ಕರ್ನ್ ಮತ್ತು ಅವರ ಸಹೋದ್ಯೋಗಿ 1994ರಲ್ಲಿ ಈ ಹೆಸರನ್ನು ಬಳಸಿದರು. ಸ್ಕ್ಯಾನ್‌ನಲ್ಲಿ ಮೂಗು ಖಾಲಿಯಾಗಿ ಕಾಣುತ್ತದೆ, ರೋಗಿಗೆ ಮಾತ್ರ ಉಸಿರು ಕಟ್ಟಿದ ಅನುಭವ. ಇದು ವಿಚಿತ್ರವೆನಿಸಬಹುದು, ಆದರೆ ಗಾಳಿ ಒಳಗೆ ಹೋಗುತ್ತಿದೆ ಎಂದು ನಮಗೆ ತಿಳಿಯುವುದು ಲೋಳೆಪೊರೆಯಲ್ಲಿರುವ ತಂಪಿನ ಸಂವೇದಕಗಳಿಂದ. ಮೆಂಥಾಲ್ ಇರುವ ಮುಲಾಮಿನ ವಾಸನೆ ಎಳೆದಾಗ ಮೂಗು ತೆರೆದಂತೆ ಅನಿಸುವುದು ಅದು ಈ ಸಂವೇದಕಗಳನ್ನು ಪ್ರಚೋದಿಸುವುದರಿಂದ; ಒಳಗಿನ ಅಡ್ಡಿ ಆಗಲೂ ಇದ್ದಷ್ಟೇ ಇರುತ್ತದೆ. ಪೊರೆಯೇ ಹೋದರೆ ಆ ಸಂವೇದನೆಯೂ ಹೋಗುತ್ತದೆ. ಈ ತೊಂದರೆ ವಿರಳ, ಆದರೆ ಅನುಭವಿಸುವವರ ಸಂಕಟ ದೊಡ್ಡದು. ಎಲ್ಲಾ ಮನಸ್ಸಿನದು ಎಂದು ಅವರನ್ನು ತಳ್ಳಿಹಾಕುವುದು ಅನ್ಯಾಯ. ಪೊರೆ ಉಳಿಸಿ, ಮಿತವಾಗಿ ಕಿರಿದುಗೊಳಿಸಿದರೆ ಇದರ ಅಪಾಯ ಬಹಳ ಕಡಿಮೆ.

ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ: ಯಾವ ವಿಧಾನ, ಲೋಳೆಪೊರೆ ಉಳಿಯುತ್ತದೆಯೇ, ಟರ್ಬಿನೇಟ್‌ನ ಎಷ್ಟು ಭಾಗ ಬಿಡುತ್ತೀರಿ, ನಡುಗೋಡೆಯನ್ನೂ ಸರಿಪಡಿಸುವುದು ಏಕೆ ಬೇಕು. ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಆಪರೇಷನ್ ಗಾಳಿಗೆ ದಾರಿ ಮಾಡಿಕೊಡುತ್ತದೆ, ಅಲರ್ಜಿ ಹಾಗೆಯೇ ಉಳಿಯುತ್ತದೆ. ಆಮೇಲೆಯೂ ಸ್ಪ್ರೇ ಬೇಕಾಗಬಹುದೆಂದು ತಿಳಿದೇ ಒಪ್ಪಿಕೊಳ್ಳಿ.

ಪ್ರಶ್ನೆ: ಮೂರು ವಾರಗಳ ಹಿಂದೆ ನನಗೆ ಮೂಗಿನ ಮೂಳೆ ಮತ್ತು ಟರ್ಬಿನೇಟ್ ಆಪರೇಷನ್ ಆಯಿತು. ಮೂಗಿನಲ್ಲಿ ಗಟ್ಟಿಯಾದ ಹಕ್ಕಳೆ ಕಟ್ಟುತ್ತದೆ, ಸಿಂಬಳದಲ್ಲಿ ಕಂದು ಬಣ್ಣವಿದೆ, ಮೊದಲಿನಷ್ಟೇ ಕಟ್ಟಿದಂತಿದೆ. ಆಪರೇಷನ್ ವಿಫಲವಾಯಿತೇ? ಬಾವಿ ನೀರಿನಲ್ಲಿ ಜಲನೇತಿ ಮಾಡಬಹುದೇ?
— ಗೃಹಿಣಿ, ಶಿರಸಿ

ಉತ್ತರ: ಈಗಲೇ ಹಾಗೆ ತೀರ್ಮಾನಿಸಬೇಡಿ. ಮೊದಲ ವಾರಗಳಲ್ಲಿ ಒಳಗಿನ ಊತದಿಂದ ಮೂಗು ಕಟ್ಟಿದಂತೆಯೇ ಇರುತ್ತದೆ, ಹಕ್ಕಳೆಯೂ ಕಟ್ಟುತ್ತದೆ. ನಿಜವಾದ ಫಲ ತಿಳಿಯಲು ಎರಡು ಮೂರು ತಿಂಗಳು ಬೇಕು. ಹಕ್ಕಳೆಯನ್ನು ಬೆರಳಿನಿಂದ ಕೀಳಬೇಡಿ, ಕಿತ್ತ ಜಾಗದಲ್ಲಿ ಗಾಯ ಹೊಸದಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಉಪ್ಪುನೀರಿನಿಂದ ತೊಳೆದು ಅದನ್ನು ಮೆತ್ತಗಾಗಿಸಿ, ಉಳಿದದ್ದನ್ನು ವೈದ್ಯರು ಎಂಡೋಸ್ಕೋಪ್‌ನಲ್ಲಿ ನೋಡಿಕೊಂಡು ತೆಗೆಯಲಿ. ಈ ಭೇಟಿಗಳನ್ನು ಮಳೆಯೆಂದೋ ಬಸ್ಸಿಲ್ಲವೆಂದೋ ತಪ್ಪಿಸಬೇಡಿ, ಏಕೆಂದರೆ ಟರ್ಬಿನೇಟ್ ಮತ್ತು ನಡುಗೋಡೆ ಎದುರುಬದುರಾಗಿ ಗಾಯಗೊಂಡಿರುವಾಗ ಅವೆರಡು ಒಂದಕ್ಕೊಂದು ಅಂಟಿಕೊಳ್ಳುವ ಸಂಭವವಿದೆ. ಬೇಗ ಕಂಡರೆ ಬಿಡಿಸುವುದು ಸುಲಭ.

ಜಲನೇತಿ ಮಾಡಬಹುದು, ಆದರೆ ಬಾವಿ ನೀರನ್ನು ನೇರವಾಗಿ ಖಂಡಿತ ಬಳಸಬೇಡಿ. ಚೆನ್ನಾಗಿ ಕುದಿಸಿ ಆರಿಸಿದ ನೀರೇ ಆಗಬೇಕು. ಕುದಿಸದ ನೀರು ಮೂಗಿಗೆ ಹೋದಾಗ ನೆಗ್ಲೇರಿಯಾ ಎಂಬ ಅಮೀಬಾ ಮಿದುಳನ್ನು ಸೇರಿ ಪ್ರಾಣ ತೆಗೆಯಬಲ್ಲದು. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಮೀಬಾದಿಂದ ಮಿದುಳಿಗೆ ಸೋಂಕು ತಗುಲಿದ ಪ್ರಕರಣಗಳನ್ನು ನೀವೂ ಓದಿರುತ್ತೀರಿ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು ಸಾಕು. ನೇತಿ ಪಾತ್ರೆಯನ್ನು ಪ್ರತಿ ಸಲ ತೊಳೆದು ಒಣಗಿಸಿಡಿ.

ಕಂದು ಬಣ್ಣದ ಸಿಂಬಳಕ್ಕೆ ಹೆದರಬೇಕಾಗಿಲ್ಲ. ತಾಜಾ ಕೆಂಪು ರಕ್ತ ಸುರಿಯತೊಡಗಿದರೆ ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಅಥವಾ ಜ್ವರ, ದುರ್ವಾಸನೆ ಕಾಣಿಸಿದರೆ ಆ ಹೊತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಒಂಬತ್ತು ವರ್ಷದ ಮಗ ಬಾಯಿ ತೆರೆದು ಮಲಗುತ್ತಾನೆ, ಗೊರಕೆ ಹೊಡೆಯುತ್ತಾನೆ. ಟರ್ಬಿನೇಟ್ ದೊಡ್ಡದಾಗಿದೆ ಎಂದಿದ್ದಾರೆ. ಆಪರೇಷನ್ ಮಾಡಿಸಬೇಕೇ?
— ತಾಯಿ, ಉಡುಪಿ

ಉತ್ತರ: ಈ ವಯಸ್ಸಿನಲ್ಲಿ ಗೊರಕೆ ಮತ್ತು ಬಾಯಿಯುಸಿರಿಗೆ ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿಯೇ ಹೆಚ್ಚಾಗಿ ಕಾರಣ. ಮೊದಲು ಅದನ್ನೂ ಟಾನ್ಸಿಲ್‌ಗಳನ್ನೂ ನೋಡಿಸಿ. ಮಕ್ಕಳ ಟರ್ಬಿನೇಟ್ ಊದುವುದು ಬಹುತೇಕ ಅಲರ್ಜಿಯಿಂದ, ಅದಕ್ಕೆ ಮಕ್ಕಳ ಪ್ರಮಾಣದ ಸ್ಪ್ರೇಯಿಂದ ಸಾಮಾನ್ಯವಾಗಿ ಗುಣ ಕಾಣುತ್ತದೆ. ಬೆಳೆಯುತ್ತಿರುವ ಮೂಗಿನಲ್ಲಿ ಆಪರೇಷನ್ ಕಟ್ಟಕಡೆಯ ಮಾತು. ನಿದ್ದೆಯಲ್ಲಿ ಉಸಿರು ಕ್ಷಣಕಾಲ ನಿಂತು ಮಗು ಬೆಚ್ಚಿ ಏಳುತ್ತಿದ್ದರೆ ತಡಮಾಡಬೇಡಿ. ಅವನು ಮಲಗಿರುವಾಗಿನ ಒಂದೆರಡು ನಿಮಿಷದ ವಿಡಿಯೋವನ್ನು ಮೊಬೈಲಿನಲ್ಲಿ ತೆಗೆದು ವೈದ್ಯರಿಗೆ ತೋರಿಸಿದರೆ ಬಹಳ ಸಹಾಯವಾಗುತ್ತದೆ. ಒಂದೇ ಹೊಳ್ಳೆ ಕಟ್ಟಿ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಮಣಿಯೋ ಬೀಜವೋ ಒಳಗೆ ಸಿಕ್ಕಿಕೊಂಡಿರಬಹುದು. ಆಟಿಕೆಯ ಗುಂಡಿ ಬ್ಯಾಟರಿ ಒಳಗೆ ಹೋಗಿರುವ ಅನುಮಾನ ಬಂದರೆ ಬೆಳಗಾಗುವವರೆಗೆ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ, ಅದು ಕೆಲವೇ ಗಂಟೆಗಳಲ್ಲಿ ನಡುಗೋಡೆಯನ್ನು ಸುಟ್ಟು ತೂತು ಮಾಡಬಲ್ಲದು.